ಸುಮ್ಮನೆ ಕುಳಿತವರು

ಸುಮ್ಮನೆ ಕುಳಿತವರನ್ನು ಕಂಡರೆ ನಮಗೆ ಸಹಿಸುವುದಿಲ್ಲ. ನಾವೇ ಸುಮ್ಮನೆ ಕುಳಿತಿರುವಾಗಲಂತೂ ಮತ್ತೊಬ್ಬರು ಸುಮ್ಮನೆ ಕುಳಿತಿರುವುದೇ ಮೊದಲು ಕಣ್ಣಿಗೆ ಬೀಳುತ್ತದೆ. ಬ್ಯಾಂಕಿನ ಗುಮಾಸ್ತಿಕೆಯಿಂದ ನಿವೃತ್ತನಾದ ಮೇಲೆ ನನ್ನ ಈ ದೃಷ್ಟಿ ಬಹಳ ಚುರುಕಾಗಿದೆಯೆಂದು ನಮ್ಮ ಮನೆಯಾಕೆಯ ಅಭಿಪ್ರಾಯ. ಅದು ಸುಳ್ಳೆಂದು ನಾನು ವಾದಿಸುವುದಿಲ್ಲ. ಆದರೆ ಒಮ್ಮೆ ಆ ದೃಷ್ಟಿಯೇ ನನ್ನನ್ನು ಚೆನ್ನಾಗಿ ಮೋಸಗೊಳಿಸಿತು. ಮೋಸಕ್ಕೆ ಕಾರಣವಾದದ್ದು ಮನುಷ್ಯನಲ್ಲ, ಒಂದು ಲ್ಯಾಪ್‌ಟಾಪು. ಆ ಕಥೆಯನ್ನೇ ಈಗ ಹೇಳುತ್ತೇನೆ.

ನಮ್ಮ ಊರು ಮಟಮಾರಿ. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲು ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದುವಷ್ಟೆ. ಆ ಮದರಾಸಿನ ಕಡೆಯ ಹಳಿಯ ಮೇಲೆ, ರಾಯಚೂರನ್ನು ಬಿಟ್ಟು ಗುಂತಕಲ್ಲಿನ ದಿಕ್ಕಿಗೆ ಹೊರಟರೆ ಬೇಗನೆ ಸಿಕ್ಕುವ ಊರು ನಮ್ಮದು. ಅಲ್ಲಿ ನಮ್ಮದೊಂದು ಹಳೆಯ ಮಾಳಿಗೆ ಮನೆಯಿದೆ. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಅಡಿಗೆಮನೆಗೆ ಒಂದೇ ಒಂದು ಬೆಳಕಿಂಡಿ. ಆ ಬೆಳಕಿಂಡಿಯ ಕೆಳಗೆ ಬೀಸುವ ಕಲ್ಲು. ಅದರ ಮುಂದೆ ನಮ್ಮ ಅವ್ವ ಒಂದು ಕಾಲು ಚಾಚಿ, ಒಂದು ಕಾಲು ಮಡಚಿ ಕುಳಿತು ಜೋಳ ಬೀಸುತ್ತ ಹಾಡುತ್ತಿದ್ದಳು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ನಿಂತಿತು. ಹಾಡು ಮಾತ್ರ ಅವಳ ಬಾಯಲ್ಲಿ ಉಳಿದಿತ್ತು.

ನನ್ನ ಮಗ 2021ರಲ್ಲಿ ಊರಿಗೆ ಹೋದಾಗ, ಎಂಬತ್ತು ದಾಟಿದ ಅಜ್ಜಿಯನ್ನು ಮತ್ತೆ ಆ ಕಲ್ಲಿನ ಮುಂದೆ ಕೂಡಿಸಿ ತನ್ನ ಫೋನಿನಲ್ಲಿ ಹಾಡುಗಳನ್ನು ಚಿತ್ರಿಸಿಕೊಂಡ. ಎರಡು ವರ್ಷಗಳಲ್ಲಿ ಹೀಗೆ ಇಪ್ಪತ್ತಮೂರು ತುಣುಕುಗಳಾದುವು. 2023ರ ಬೇಸಗೆಯಲ್ಲಿ ಅವ್ವ ತೀರಿಕೊಂಡಳು. ಮರುವರ್ಷದ ಪುಣ್ಯತಿಥಿಗೆ ಆ ತುಣುಕುಗಳನ್ನೆಲ್ಲ ಕೂಡಿಸಿ ಒಂದು ಚಿತ್ರ ಮಾಡಿ, ಮಟಮಾರಿಯ ಮನೆಯ ಪಡಸಾಲೆಯಲ್ಲಿ ಬಂಧುಬಳಗಕ್ಕೆಲ್ಲ ತೋರಿಸಬೇಕೆಂಬುದು ನನ್ನ ಹಂಬಲ. ಅಕ್ಕ ಹುಬ್ಬಳ್ಳಿಯಿಂದ ಬರುವವಳಿದ್ದಳು. ಅವಳ ಕಣ್ಣಿನ ಪೊರೆ ಬಲಿತು ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. "ಕಣ್ಣು ಕೊಯ್ಯಿಸಿಕೊಳ್ಳೋಕಿಂತ ಮುಂಚೆ ಒಮ್ಮೆ ಅವ್ವನ್ನ ನೋಡಬೇಕಪ್ಪ" ಎಂದು ಅವಳು ಫೋನಿನಲ್ಲಿ ಹೇಳಿದ್ದು ನನ್ನ ಕಿವಿಯಲ್ಲೇ ಇತ್ತು.

ನಿವೃತ್ತಿಯ ನಂತರ ನಾನು ವಿಡಿಯೋ ಎಡಿಟಿಂಗ್ ಕಲಿತಿದ್ದೆ. ಕಲಿತಿದ್ದೆ ಎಂದರೆ, ಮಗ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಾಗ, 2018ರಲ್ಲಿ, ಕೊಡಿಸಿದ್ದ ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರ್ ಹಾಕಿಕೊಂಡು ತುಣುಕು ಕತ್ತರಿಸುವುದು, ಜೋಡಿಸುವುದು, ಹೆಸರು ಬರೆಯುವುದು ಇಷ್ಟನ್ನು ರೂಢಿಮಾಡಿಕೊಂಡಿದ್ದೆ. ತಿಂಗಳೊಪ್ಪತ್ತು ಕುಳಿತು ನಲವತ್ತೆರಡು ನಿಮಿಷದ ಚಿತ್ರ ಸಿದ್ಧಮಾಡಿದೆ. ಇನ್ನು ಉಳಿದದ್ದು ಎಕ್ಸ್‌ಪೋರ್ಟ್. ವಿಡಿಯೋ ಎಡಿಟಿಂಗ್ ಅರಿಯದವರಿಗಾಗಿ ಒಂದು ಮಾತು: ಎಡಿಟಿಂಗಿನಲ್ಲಿ ನಾವು ಮಾಡುವುದೆಲ್ಲ ಬರಿಯ ಗುರುತು ಹಾಕುವ ಕೆಲಸ. ಇಲ್ಲಿ ಕತ್ತರಿಸು, ಅಲ್ಲಿ ಅಂಟಿಸು, ಇದನ್ನು ಬೆಳಗಿಸು ಎಂದು ಚೀಟಿ ಬರೆದಿಟ್ಟ ಹಾಗೆ. ಎಕ್ಸ್‌ಪೋರ್ಟ್ ಗುಂಡಿ ಒತ್ತಿದಾಗಲೇ ಯಂತ್ರ ಆ ಚೀಟಿಗಳನ್ನೆಲ್ಲ ಓದಿ, ಒಂದೊಂದೇ ಚಿತ್ರವನ್ನು ಬಿಚ್ಚಿ, ತಿದ್ದಿ, ಮತ್ತೆ ಮಡಚಿ, ಒಂದು ಕಡತವಾಗಿ ಕಟ್ಟುವುದು. ಮದುವೆಯ ಅಡಿಗೆಯಲ್ಲಿ ಸಾಮಾನಿನ ಪಟ್ಟಿ ಬರೆಯುವುದು ಬೇರೆ, ಒಲೆ ಹೊತ್ತಿಸುವುದು ಬೇರೆಯಲ್ಲವೆ?

ಪುಣ್ಯತಿಥಿ ಭಾನುವಾರ. ಶುಕ್ರವಾರ ರಾತ್ರಿ ಎಕ್ಸ್‌ಪೋರ್ಟ್‌ಗೆ ಹಚ್ಚಿ, ಹಾಸಿಗೆಯ ಮೇಲೆಯೇ ಲ್ಯಾಪ್‌ಟಾಪನ್ನು ಬಿಟ್ಟು ಮಾಳಿಗೆಯ ಮೇಲೆ ಹೋಗಿ ಮಲಗಿದೆ. ಬೆಳಿಗ್ಗೆ ಬಂದು ನೋಡಿದರೆ ಯಂತ್ರ ತಾನಾಗಿಯೇ ಆರಿಹೋಗಿತ್ತು. ಕಡತವಿಲ್ಲ, ಚಿತ್ರವಿಲ್ಲ. ಕೈಯಿಟ್ಟರೆ ರೊಟ್ಟಿಯ ಹಂಚಿನ ಹಾಗೆ ಸುಡುತ್ತಿತ್ತು. ಶನಿವಾರ ಮಧ್ಯಾಹ್ನ ಮತ್ತೆ ಹಚ್ಚಿದೆ. ಈ ಸಲ ಮುಂದೆಯೇ ಕುಳಿತೆ. ಪರದೆಯ ಮೇಲೆ ಮೂಡಿತು: ಉಳಿದಿರುವ ಸಮಯ 14 ಗಂಟೆ.

ಹದಿನಾಲ್ಕು ಗಂಟೆ! ನಲವತ್ತೆರಡು ನಿಮಿಷದ ಚಿತ್ರಕ್ಕೆ! ಆ ಹೊತ್ತಿಗೆ ರಾಯಚೂರಿನಿಂದ ಬೆಂಗಳೂರಿಗೆ ಹೋಗಿ, ಊಟ ಮುಗಿಸಿಕೊಂಡು, ಹಿಂದಿರುಗುವ ಗಾಡಿಯನ್ನೂ ಹತ್ತಬಹುದು. ಯಂತ್ರ ಪಾಪ ಬೆವರು ಸುರಿಸಿ ದುಡಿಯುತ್ತಿರಬೇಕೆಂದುಕೊಂಡು, ಅದರ ದುಡಿಮೆಯ ಲೆಕ್ಕ ತೋರಿಸುವ ಟಾಸ್ಕ್ ಮ್ಯಾನೇಜರನ್ನು ತೆರೆದೆ. ಪ್ರೊಸೆಸರಿನ ಬಳಕೆ ಎಷ್ಟಿದ್ದೀತು? ನೂರಕ್ಕೆ ಹನ್ನೆರಡು. ಒಮ್ಮೊಮ್ಮೆ ಹದಿಮೂರು. ಎಂದರೆ ನೂರರಲ್ಲಿ ಎಂಬತ್ತೆಂಟು ಪಾಲು ಈ ಮಹಾಶಯ ಸುಮ್ಮನೆ ಕುಳಿತಿದ್ದಾನೆ. ನನ್ನ ಪಿತ್ತ ನೆತ್ತಿಗೇರಿತು. ಹೊರಗೆ ಮೇ ತಿಂಗಳ ರಾಯಚೂರಿನ ಬಿಸಿಲು, ಒಳಗೆ ಈ ಸೋಮಾರಿ ಯಂತ್ರ, ಪಕ್ಕದ ಕೋಣೆಯಲ್ಲಿ ಅಂಗಾತ ಮಲಗಿ ಮಾಳಿಗೆಯನ್ನು ನೋಡುತ್ತಿರುವ ನನ್ನ ಮಗ.

ಮಗನ ವಿಷಯ ಸ್ವಲ್ಪ ಹೇಳಬೇಕು. ಅವನಿಗೆ ಆಗ ಇಪ್ಪತ್ತೆಂಟು. ಒಂದು ಸರ್ಕಾರಿ ಹುದ್ದೆಗೆ ಪರೀಕ್ಷೆ ಬರೆದು ಒಂದೂವರೆ ವರ್ಷವಾಗಿತ್ತು. ಫಲಿತಾಂಶ ಬರಲಿಲ್ಲ. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಬೇರೆಲ್ಲಿಗೂ ಹೋಗದೆ ಮನೆಯಲ್ಲೇ ಇದ್ದ. ನೆರೆಹೊರೆಯವರು "ಮಗ ಏನು ಮಾಡ್ತಾನ್ರಿ?" ಎಂದು ಕೇಳಿದಾಗ ನಾನು ಮಾತು ಬದಲಿಸಿ ಮಳೆಯ ವಿಚಾರ ತೆಗೆಯುತ್ತಿದ್ದೆ. ರಾಯಚೂರಿನಲ್ಲಿ ಮಳೆಯ ವಿಚಾರ ಬಹಳ ಹೊತ್ತು ನಡೆಯುವುದಿಲ್ಲವೆಂಬುದು ಓದುಗರಿಗೆ ಗೊತ್ತೇ ಇದೆ.

ಆ ಮಧ್ಯಾಹ್ನ ನಾನು ಯಂತ್ರಕ್ಕೂ ಮಗನಿಗೂ ಒಂದೇ ಉಸಿರಿನಲ್ಲಿ ಬೈದೆ. "ಈ ಮನ್ಯಾಗ ಎಲ್ಲಾ ಹಂಗs. ಮಷೀನೂ ಸುಮ್ನ ಕುಂತೈತಿ, ಮನುಷ್ಯಾನೂ ಸುಮ್ನ ಕುಂತಾನ!" ಎಂದೆ. ಕೋಣೆಯಿಂದ ಉತ್ತರ ಬರಲಿಲ್ಲ. ಮನೆಯಾಕೆ ಮಾತ್ರ ಅಡಿಗೆಮನೆಯಿಂದ ಒಮ್ಮೆ ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಅರ್ಥಮಾಡಿಕೊಳ್ಳದವನಂತೆ ಇದ್ದೆ.

ಆಮೇಲೆ ನನಗೆ ತಿಳಿದ ಉಪಾಯಗಳನ್ನೆಲ್ಲ ಮಾಡಿದೆ. ಎಕ್ಸ್‌ಪೋರ್ಟನ್ನು ನಿಲ್ಲಿಸಿ, ತೆರೆದಿದ್ದುದನ್ನೆಲ್ಲ ಮುಚ್ಚಿ, ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದೆ. ಮತ್ತೆ ಹದಿನಾಲ್ಕು ಗಂಟೆ. ಪರಿಚಯದ ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಮಾಡಿದೆ. ಅವನು ಕಾಯಿಲೆ ಕೇಳುವ ಮೊದಲೇ ಔಷಧ ಹೇಳಿದ: "ಹದಿನಾರು ಥ್ರೆಡ್ಡಿಂದು ಹೊಸಾದು ತಗೋರಿ ಸರ್. ಲಕ್ಷದ ಒಳಗ ಮಾಡಿಕೊಡ್ತೀನಿ." ಇಂಥ ಯಂತ್ರ ಕೊಡಿಸಿದ್ದಕ್ಕೆ ನನ್ನನ್ನೇ ಹಳಿದುಕೊಳ್ಳುತ್ತ ಕುಳಿತಿದ್ದಾಗ ಮಗ ಎದ್ದು ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ. ಪರದೆಯನ್ನು ಒಂದು ನಿಮಿಷ ನೋಡಿ ಹೇಳಿದ:

"ಅಪ್ಪಾ, ಇದು ಸುಮ್ನ ಕುಂತಿಲ್ರಿ. ಕಾಯಾಕ ಹತ್ತೈತಿ."

"ಯಾರನ್ನ?"

"ಅದನ್ನs ಹುಡುಕಬೇಕು."

ಅವನು ಟಾಸ್ಕ್ ಮ್ಯಾನೇಜರಿನ ಆ ಒಂದು ನಕ್ಷೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಏನೋ ಬದಲಿಸಿದ. ಒಂದು ದೊಡ್ಡ ಚೌಕವಿದ್ದಲ್ಲಿ ಎಂಟು ಸಣ್ಣ ಚೌಕಗಳು ಮೂಡಿದುವು. ಈ ಪ್ರೊಸೆಸರಿನಲ್ಲಿ ನಾಲ್ಕು ಕೋರುಗಳು. ಒಂದೊಂದೂ ಏಕಕಾಲಕ್ಕೆ ಇಬ್ಬರಂತೆ ದುಡಿಯಬಲ್ಲುದರಿಂದ ಲೆಕ್ಕಕ್ಕೆ ಎಂಟು ಆಳುಗಳು. ಎಂಟು ಚೌಕಗಳಲ್ಲಿ ಒಂದರ ಗೆರೆ ಮೇಲಕ್ಕೆ ಮುಟ್ಟಿತ್ತು. ಉಳಿದ ಏಳು ನೆಲಕ್ಕೆ ಅಂಟಿಕೊಂಡಿದ್ದುವು. ಸ್ವಲ್ಪ ಹೊತ್ತಿಗೆ ಆ ಎತ್ತರದ ಗೆರೆ ಬೇರೊಂದು ಚೌಕಕ್ಕೆ ಹಾರಿತು. ಆದರೆ ಒಂದು ಹೊತ್ತಿನಲ್ಲಿ ದುಡಿಯುತ್ತಿದ್ದವನು ಒಬ್ಬನೇ. ಬೆಳಗಿನ ಜಾವದ ಓಣಿಯಲ್ಲಿ ಒಂದೇ ಮನೆಯಲ್ಲಿ ದೀಪ ಉರಿಯುವುದಿಲ್ಲವೆ, ಹಾಗೆ.

"ನೂರನ್ನ ಎಂಟರಿಂದ ಭಾಗಿಸ್ರಿ" ಎಂದ ಮಗ. ಹನ್ನೆರಡೂವರೆ. ನಾನು ಮೂವತ್ತೈದು ವರ್ಷ ಲೆಕ್ಕ ಬರೆದವನು. ಆ ಹನ್ನೆರಡೂವರೆ ಎದುರಿಗೇ ಕುಳಿತಿದ್ದರೂ ನನಗೆ ಹೊಳೆದಿರಲಿಲ್ಲ. ಎಂಟು ಮಂದಿಯಲ್ಲಿ ಒಬ್ಬ ಪೂರ್ತಿ ದುಡಿಯುತ್ತಿದ್ದಾನೆ, ಏಳು ಮಂದಿ ಅವನ ಕೈ ನೋಡುತ್ತಿದ್ದಾರೆ. ಅಂಗಡಿಯವನು ಹೇಳಿದ ಹಾಗೆ ಹದಿನಾರು ಆಳಿನ ಯಂತ್ರ ತಂದಿದ್ದರೆ ಹನ್ನೆರಡೂವರೆ ಇದ್ದದ್ದು ಆರೂಕಾಲಾಗುತ್ತಿತ್ತು. ಕೈ ಕಟ್ಟಿ ಕೂತವರ ಸಂಖ್ಯೆ ಏಳರಿಂದ ಹದಿನೈದಾಗುತ್ತಿತ್ತು. ಹೊಸ ಯಂತ್ರದ ಒಬ್ಬ ಆಳು ಹಳಬನಿಗಿಂತ ಚುರುಕಾಗಿದ್ದಷ್ಟೇ ಲಾಭ.

ಈ ತತ್ತ್ವ ಹೊಸದಲ್ಲವಂತೆ. ಜೀನ್ ಆಮ್ಡಾಲ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞ 1967ರಲ್ಲೇ ಇದನ್ನು ಹೇಳಿಟ್ಟಿದ್ದಾನೆ. ಒಂದು ಕೆಲಸದ ಅರ್ಧ ಪಾಲನ್ನು ಹಂಚಿಕೊಳ್ಳಲು ಸಾಧ್ಯವಿಲ್ಲದಿದ್ದರೆ, ಉಳಿದರ್ಧಕ್ಕೆ ಸಾವಿರ ಆಳನ್ನು ಹಚ್ಚಿದರೂ ಒಟ್ಟು ವೇಗ ಎರಡು ಪಟ್ಟನ್ನು ಮುಟ್ಟುವುದಿಲ್ಲ. ಹತ್ತರಲ್ಲಿ ಒಂದು ಪಾಲು ಹಾಗಿದ್ದರೆ, ಹತ್ತು ಪಟ್ಟು ಮುಟ್ಟುವುದಿಲ್ಲ. ಇದು ನಮ್ಮ ಹೆಂಗಸರಿಗೆ ಮೊದಲೇ ಗೊತ್ತು. ರೊಟ್ಟಿ ಬಡಿಯುವವರು ನಾಲ್ವರಿದ್ದು ಹಂಚು ಒಂದೇ ಇದ್ದರೆ ಊಟ ಬೇಗನೆ ಆಗುವುದಿಲ್ಲ.

ಮಗನ ಮಾತು ಕೇಳುತ್ತಿದ್ದ ಹಾಗೆ ನನಗೆ ನನ್ನ ಹಳೆಯ ಬ್ಯಾಂಕು ನೆನಪಾಯಿತು. ಕಂಪ್ಯೂಟರು ಬರುವ ಮುಂಚಿನ ಮಾತು. ಹಣ ತೆಗೆಯಲು ಬಂದವರ ಚೀಟಿಯನ್ನು ನಾನು ತೆಗೆದುಕೊಂಡು, ಹಿತ್ತಾಳೆಯ ಟೋಕನ್ ಕೊಟ್ಟು, ಲೆಡ್ಜರಿನಲ್ಲಿ ಬರೆದು, ಒಳಗಿನ ಅಧಿಕಾರಿಗೆ ಕಳಿಸುತ್ತಿದ್ದೆ. ಅವರು ಸಹಿ ನೋಡಿ ಪಾಸು ಮಾಡಿದ ಮೇಲೆ ಚೀಟಿ ಕ್ಯಾಷಿಯರನಿಗೆ ಹೋಗಬೇಕು. ಜೋಳ, ಹತ್ತಿಯ ಹಣ ಕೈಗೆ ಬರುವ ದಿನಗಳಲ್ಲಿ ಅಧಿಕಾರಿಯ ಮೇಜಿನ ಮೇಲೆ ಲೆಡ್ಜರುಗಳ ರಾಶಿ ಬೀಳುತ್ತಿತ್ತು. ನನ್ನ ಲೆಡ್ಜರು ಹಿಂದಿರುಗುವವರೆಗೆ ಮುಂದಿನ ಚೀಟಿಯನ್ನು ಬರೆಯಲಾರೆ. ಕ್ಯಾಷಿಯರ್ ಹಣ ಎಣಿಸಲಾರ. ಇಬ್ಬರೂ ಕೈ ಕಟ್ಟಿ ಕೂಡುತ್ತಿದ್ದೆವು. ಆಗ ಜಾಲರಿಯ ಆಚೆಯಿಂದ ರೈತನೊಬ್ಬ ಟೋಕನ್ನಿನಿಂದ ಕಟ್ಟೆಯನ್ನು ಕುಟ್ಟುತ್ತ, "ಏನ್ರಿ ಸಾಹೇಬ್ರ, ಪಗಾರ ತಗೊಂಡು ಸುಮ್ನ ಕುಂತೀರಲ್ಲ!" ಎನ್ನುವನು. ನನಗೆ ಎಷ್ಟು ಸಂಕಟವಾಗುತ್ತಿತ್ತು! ಸುಮ್ಮನೆ ಕುಳಿತಿರುವುದು ಸುಖವೆಂದು ತಿಳಿದವರು, ಕೆಲಸ ಮಾಡಬೇಕೆಂದಿದ್ದೂ ಮಾಡಲಾಗದೆ ಎಲ್ಲರ ಕಣ್ಣೆದುರಿಗೆ ಒಮ್ಮೆ ಕುಳಿತು ನೋಡಬೇಕು. ಆ ಸಂಕಟವನ್ನು ಇಷ್ಟು ಚೆನ್ನಾಗಿ ಬಲ್ಲ ನಾನು ಸ್ವಲ್ಪ ಹೊತ್ತಿನ ಹಿಂದೆ ಏನೆಂದು ಬೈದಿದ್ದೆನೋ ಅದು ನನಗೇ ಕೇಳಿಸಿತು.

ಮಗ ಪರೀಕ್ಷೆಗೆ ತೊಡಗಿದ. ಒಳ್ಳೆಯ ವೈದ್ಯನಂತೆ ಒಂದು ಸಲಕ್ಕೆ ಒಂದೇ ಔಷಧ. ಎರಡನ್ನು ಒಟ್ಟಿಗೆ ಕೊಟ್ಟರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲವಂತೆ. ಇಡೀ ಚಿತ್ರವನ್ನು ಮುಟ್ಟದೆ ಹತ್ತು ಸೆಕೆಂಡಿನ ತುಣುಕೊಂದನ್ನು ಆರಿಸಿ ಎಕ್ಸ್‌ಪೋರ್ಟ್ ಮಾಡಿ ಗಡಿಯಾರ ನೋಡಿದ. ಮೂರು ನಿಮಿಷ ಇಪ್ಪತ್ತು ಸೆಕೆಂಡು. ಅದನ್ನು ನೋಟುಬುಕ್ಕಿನಲ್ಲಿ ಬರೆಯೆಂದು ನನಗೆ ಹೇಳಿದ. ಗುಮಾಸ್ತನಿಗೆ ಮತ್ತೆ ಗುಮಾಸ್ತಿಕೆ!

ಮೊದಲನೆಯ ಅನುಮಾನ ಡಿಸ್ಕಿನ ಮೇಲೆ. ಅವ್ವನ ತುಣುಕುಗಳೆಲ್ಲ ಹೊರಗಿನ ಹಾರ್ಡ್ ಡಿಸ್ಕಿನಲ್ಲಿದ್ದುವು. ಅದರ ತಂತಿಯನ್ನು ನಾನು ಹಳೆಯ ಕಾಲದ ನಿಧಾನದ ಯುಎಸ್‌ಬಿ ಹಬ್ಬಿಗೆ ಸಿಕ್ಕಿಸಿದ್ದೆ. ಚಿತ್ರವನ್ನು ತಂದುಕೊಡುವವನೇ ನಿಧಾನಿಯಾದರೆ ತಿದ್ದುವವನು ಕಾಯಲೇಬೇಕು. ಆ ತುಣುಕನ್ನು ಒಳಗಿನ ಎಸ್‌ಎಸ್‌ಡಿಗೆ ತಂದು ನೋಡಿದ. ಮೂರು ನಿಮಿಷ ಹನ್ನೆರಡು ಸೆಕೆಂಡು. ಎಂಟು ಸೆಕೆಂಡಿನ ಲಾಭ. ಇವನು ಸಹಾಪರಾಧಿ, ಮುಖ್ಯ ಕಳ್ಳನಲ್ಲ.

ಎರಡನೆಯದು ಬಿಸಿ. ಪ್ರೊಸೆಸರು ತನ್ನ ಮೈ ಮಿತಿಮೀರಿ ಕಾದರೆ ಸುಟ್ಟುಹೋಗದಿರಲೆಂದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಗಲೂ ತಣ್ಣಗಾಗದಿದ್ದರೆ ಆರಿಹೋಗುತ್ತದೆ. ಶುಕ್ರವಾರ ರಾತ್ರಿ ಆದದ್ದು ಅದೇ. ನಮ್ಮ ಯಂತ್ರದ ವೇಗ 1.8 ಗಿಗಾಹರ್ಟ್ಸ್ ಇರಬೇಕಾದುದು 1.1ಕ್ಕೆ ಇಳಿದಿತ್ತು. ಮೇ ತಿಂಗಳಲ್ಲಿ ರಾಯಚೂರಿನ ಮನುಷ್ಯರು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮಾಡುವುದನ್ನೇ ಅದೂ ಮಾಡಿತ್ತೆಂದರೆ ತಪ್ಪೇನು? ಹಾಸಿಗೆಯ ಮೇಲಿಟ್ಟಿದ್ದರಿಂದ ಕೆಳಗಿನ ಗಾಳಿಯ ಕಂಡಿಗಳು ಹತ್ತಿಯಲ್ಲಿ ಹೂತಿದ್ದುವು. ಮಗ ಯಂತ್ರವನ್ನು ಆರಿಸಿ, ಹಿಂಬದಿಯ ತಿರುಪು ಬಿಚ್ಚಿ, ಸಣ್ಣ ಫ್ಯಾನಿನಲ್ಲಿ ಕಂಬಳಿಯಂತೆ ಕಟ್ಟಿದ್ದ ಧೂಳನ್ನು ಬಣ್ಣದ ಬ್ರಷ್ಷಿನಿಂದ ತೆಗೆದ. ಆಮೇಲೆ ಮೇಜಿನ ಮೇಲೆ ಎರಡು ದಪ್ಪ ಪುಸ್ತಕಗಳ ನಡುವೆ ಗಾಳಿಯಾಡುವಂತೆ ಯಂತ್ರವನ್ನಿಟ್ಟು, ಎದುರಿಗೆ ಟೇಬಲ್ ಫ್ಯಾನು ಹಚ್ಚಿದ. ವೇಗ 1.8ಕ್ಕೆ ಏರಿತು. ಹತ್ತು ಸೆಕೆಂಡಿನ ತುಣುಕು ಎರಡು ನಿಮಿಷ ಐದು ಸೆಕೆಂಡಿಗೆ ಮುಗಿಯಿತು. ನಾನು ಹಿಗ್ಗಿದೆ. ಮಗ ಹಿಗ್ಗಲಿಲ್ಲ. ಬಳಕೆ ಇನ್ನೂ ಹನ್ನೆರಡರಲ್ಲೇ ಇತ್ತು.

ಮೂರನೆಯದಾಗಿ ಹಾರ್ಡ್‌ವೇರ್ ಎನ್‌ಕೋಡಿಂಗ್ ಎಂಬುದನ್ನು ಹಚ್ಚಿದ. ವಿಡಿಯೋವನ್ನು ಒತ್ತಿ ಮಡಚುವ ಕೆಲಸಕ್ಕೆಂದೇ ಇಂಟೆಲ್ ಕಂಪನಿ 2011ರಿಂದ ತನ್ನ ಅನೇಕ ಪ್ರೊಸೆಸರುಗಳಲ್ಲಿ ಒಂದು ಪ್ರತ್ಯೇಕ ಭಾಗವನ್ನಿಟ್ಟಿದೆ. ಸಾಫ್ಟ್‌ವೇರಿನಲ್ಲಿ ಅದನ್ನು ನಾವೇ ಆರಿಸಬೇಕಾಗಿತ್ತು. ನಾನು ಆರಿಸಿರಲಿಲ್ಲ. ಇದರಿಂದ ಪವಾಡವೇ ಆಗುತ್ತದೆಂದು ಕಾದೆ. ಎರಡು ನಿಮಿಷ ನಾಲ್ಕು ಸೆಕೆಂಡು. ಒಂದೇ ಸೆಕೆಂಡು! "ಯಾಕೋ?" ಎಂದೆ. "ಮಡಚಾವ ಎಷ್ಟ ಚುರುಕಿದ್ರೇನ್ರಿ ಅಪ್ಪಾ? ಒಗದ ಬಟ್ಟಿ ಅವನ ಕೈಗೆ ಬಂದ್ರ ಹೌದಲ್ಲ" ಎಂದ.

ಇನ್ನು ಉಳಿದದ್ದು ಒಂದೇ ಮೆಟ್ಟಿಲು. ತಂದುಕೊಡುವವನನ್ನು ನೋಡಿದೆವು, ಮಡಚುವವನನ್ನು ನೋಡಿದೆವು. ನಡುವೆ ತಿದ್ದುವವನು ಯಾರು? ಮಗ ನನ್ನ ಟೈಮ್‌ಲೈನನ್ನು ನೋಡುತ್ತ ಹೋದ. ಇಪ್ಪತ್ತಮೂರು ತುಣುಕುಗಳ ಮೇಲೂ ಒಂದೇ ಎಫೆಕ್ಟಿನ ಗುರುತು. ನಾನೇ ಹಾಕಿದ್ದು.

ಅದನ್ನು ಹಾಕಿದ್ದಕ್ಕೆ ಕಾರಣವಿತ್ತು. ಅಡಿಗೆಮನೆಯ ಮಬ್ಬು ಬೆಳಕಿನಲ್ಲಿ ಫೋನು ಹಿಡಿದ ಚಿತ್ರದಲ್ಲಿ ಅವ್ವನ ಮುಖದ ಮೇಲೆ ರವೆ ಚೆಲ್ಲಿದಂತೆ ಸಣ್ಣ ಚುಕ್ಕೆಗಳು ಕುದಿಯುತ್ತಿದ್ದುವು. ಕತ್ತಲೆಯಲ್ಲಿ ತೆಗೆದ ಚಿತ್ರಗಳ ಲಕ್ಷಣ ಅದು. ನನಗೆ ಅದು ಸೇರಲಿಲ್ಲ. ಅಕ್ಕ ನೋಡುವ ಅವ್ವ ಸ್ವಚ್ಛವಾಗಿ ಕಾಣಬೇಕು. ಆದ್ದರಿಂದ ಚುಕ್ಕೆ ತೆಗೆಯುವ ಎಫೆಕ್ಟನ್ನು, ಸ್ವಲ್ಪ ಸಾಲದೆಂದು, ತುದಿಯವರೆಗೆ ಏರಿಸಿ ಹಾಕಿದ್ದೆ. ಆ ಎಫೆಕ್ಟು ಒಂದೊಂದು ಚಿತ್ರವನ್ನೂ ಅದರ ಹಿಂದಿನ ಮತ್ತು ಮುಂದಿನ ಕೆಲವು ಚಿತ್ರಗಳ ಜೊತೆ ಹೋಲಿಸಿ, ಯಾವುದು ನಿಜ, ಯಾವುದು ಚುಕ್ಕೆ ಎಂದು ನಿರ್ಧರಿಸುತ್ತದೆ. ನಮ್ಮ ಸಾಫ್ಟ್‌ವೇರಿನಲ್ಲಿ ಆ ಕೆಲಸವನ್ನು ಎಂಟು ಮಂದಿಗೆ ಹಂಚುವ ಏರ್ಪಾಡಿರಲಿಲ್ಲ. ಒಬ್ಬನೇ ಮಾಡಬೇಕು. ಮಗ ಲೆಕ್ಕ ಹಾಕಿಸಿದ: ಸೆಕೆಂಡಿಗೆ 30 ಚಿತ್ರ, 42 ನಿಮಿಷಕ್ಕೆ 75,600 ಚಿತ್ರ. ಫೋನು ಫೋರ್-ಕೆ ಅಳತೆಯಲ್ಲಿ ಹಿಡಿದಿದ್ದರಿಂದ ಒಂದೊಂದು ಚಿತ್ರದಲ್ಲೂ 3840ನ್ನು 2160ರಿಂದ ಗುಣಿಸಿದಷ್ಟು, ಎಂದರೆ 82 ಲಕ್ಷಕ್ಕೂ ಮೀರಿದ ಬಿಂದುಗಳು. ಒಬ್ಬನೇ ಕುಳಿತು ಎರಡು ಸೆಕೆಂಡಿಗೆ ಮೂರು ಚಿತ್ರದಂತೆ ತೊಳೆದರೆ 50,400 ಸೆಕೆಂಡು. ಸರಿಯಾಗಿ ಹದಿನಾಲ್ಕು ಗಂಟೆ! ಪೈಸೆಗೆ ಪೈಸೆ ಲೆಕ್ಕ ಕೂಡಿತು. ಯಂತ್ರ ಸುಳ್ಳು ಹೇಳಿರಲಿಲ್ಲ, ಸೋಮಾರಿತನವನ್ನೂ ಮಾಡಿರಲಿಲ್ಲ.

ಎಫೆಕ್ಟನ್ನು ತೆಗೆದು ಅದೇ ತುಣುಕನ್ನು ಎಕ್ಸ್‌ಪೋರ್ಟ್ ಮಾಡಿದ. ಎಂಟು ಸೆಕೆಂಡು. ಗೆರೆಗಳೆಲ್ಲ ಒಮ್ಮೆಗೇ ಮೇಲೆದ್ದುವು. ಸುಮ್ಮನೆ ಕೂತಿದ್ದ ಏಳು ಮಂದಿ, ಊಟಕ್ಕೆ ಕರೆದರೇನೋ ಎಂಬಂತೆ ಎದ್ದು ದುಡಿದುಬಿಟ್ಟರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಲವನ್ನು ಡೊಂಕು ಮಾಡಿದ್ದೂ ನಾನೇ, ಬೈದದ್ದೂ ನಾನೇ.

ಆದರೂ ನನಗೆ ಎಫೆಕ್ಟನ್ನು ಬಿಡಲು ಮನಸ್ಸಾಗಲಿಲ್ಲ. "ಎರಡು ಮೂರು ಕಡೆಯಾದರೂ ಇರಲಿ" ಎಂದೆ. ಮಗ ವಾದಿಸಲಿಲ್ಲ. ಎರಡು ತುಣುಕುಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟ. ಎಡಗಡೆ ತೊಳೆದ ಅವ್ವ, ಬಲಗಡೆ ತೊಳೆಯದ ಅವ್ವ. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಎಡಗಡೆಯ ಮುಖ ಮೇಣದ ಹಾಗೆ ನುಣುಪು. ಹಣೆಯ ಸುಕ್ಕುಗಳಿಲ್ಲ. ಮೊಳಕೈಯ ಮೇಲಿನ ಹಚ್ಚೆ ಮಾಸಿದೆ. ಇನ್ನೂ ಒಂದು ಇರಲಿಲ್ಲ. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಬಲಗಡೆಯ ಚಿತ್ರದಲ್ಲಿ ಬೆಳಕಿಂಡಿಯಿಂದ ಇಳಿದ ಬಿಸಿಲಕೋಲಿನಲ್ಲಿ ಜೋಳದ ಹಿಟ್ಟಿನ ಪುಡಿ ಏಳುತ್ತ, ತಿರುಗುತ್ತ, ಅವ್ವನ ತಲೆಗೂದಲ ಮೇಲೆ ಕೂಡುತ್ತಿತ್ತು. ಎಡಗಡೆ ಹಿಟ್ಟೇ ಇರಲಿಲ್ಲ. ಹಾರಾಡುವ ಹಿಟ್ಟಿನ ಕಣಕ್ಕೂ ಕತ್ತಲೆಯ ಚುಕ್ಕೆಗೂ ಭೇದವರಿಯದ ಆ ಎಫೆಕ್ಟು ಎರಡನ್ನೂ ಒಟ್ಟಿಗೆ ಒರೆಸಿಹಾಕಿತ್ತು. ಹದಿನಾಲ್ಕು ಗಂಟೆ ಕಾದು ನಾನು ಪಡೆಯಲಿದ್ದದ್ದು ಹಿಟ್ಟಿಲ್ಲದ ಬೀಸುವ ಕಲ್ಲನ್ನು.

"ತೆಗೆದುಬಿಡು" ಎಂದೆ.

ರಾತ್ರಿ ಒಂಬತ್ತಕ್ಕೆ ಪೂರ್ತಿ ಚಿತ್ರವನ್ನು ಹಚ್ಚಿದೆವು. ಮೂವತ್ತೈದು ನಿಮಿಷವೆಂದು ಯಂತ್ರ ಹೇಳಿತು. ಅಪ್ಪ ಮಗ ಇಬ್ಬರೂ ಮಾಳಿಗೆಯ ಮೇಲೆ ಹೋಗಿ ಕುಳಿತೆವು. ಕೆಳಗೆ ಲ್ಯಾಪ್‌ಟಾಪಿನ ಮುಂದೆ ಟೇಬಲ್ ಫ್ಯಾನು ತಿರುಗುತ್ತಿತ್ತು. ನಮಗೆ ಬೀಸಣಿಗೆಯೇ ಗತಿ. ಬಹಳ ಹೊತ್ತಿನ ಮೇಲೆ ನಾನು, "ಮಧ್ಯಾಹ್ನ ಏನೋ ಅಂದೆ, ಮನಸ್ಸಿಗೆ ಹಚ್ಚಿಕೋಬ್ಯಾಡ" ಎಂದೆ. ಅವನು, "ಇಲ್ರಿ ಅಪ್ಪಾ" ಎಂದ. ಆಮೇಲೆ ಸುಮ್ಮನಾದ.

ಆ ಮೌನದಲ್ಲಿ ನನಗೆ ಒಂದು ಹಳೆಯ ಸಂಗತಿ ನೆನಪಾಯಿತು. 2021ರಲ್ಲಿ ಬೆಂಗಳೂರಿನಿಂದ ಅವನಿಗೊಂದು ಕೆಲಸ ಬಂದಿತ್ತು. ಸಂಬಳ ದೊಡ್ಡದಲ್ಲ, ಆದರೆ ಅವನ ಮನಸ್ಸಿಗೆ ಹಿಡಿದ ಕೆಲಸ. ನಾನೇ ಬೇಡವೆಂದೆ. ಖಾಸಗಿ ಕೆಲಸದ ಹಣೆಬರಹವೇನು, ಸರ್ಕಾರಿ ಕೆಲಸವಾದರೆ ಜೀವನ ಸ್ವಚ್ಛ ಎಂದು ಬುದ್ಧಿ ಹೇಳಿದೆ. ಅವನು ನನ್ನ ಮಾತು ಮೀರಲಿಲ್ಲ. ಆ ಮೇಲಿನಿಂದ ಅವನು ಕಾಯುತ್ತಿದ್ದ. ಫಲಿತಾಂಶಕ್ಕಾಗಿ ಎಂದು ನಾನು ತಿಳಿದಿದ್ದೆ. ನಾನು ಹಾಕಿಟ್ಟ ಒಂದು ಗುರುತನ್ನು ನಾನೇ ತೆಗೆಯಲೆಂದೂ ಕಾಯುತ್ತಿದ್ದನೇನೋ!

"ಆ ಬೆಂಗಳೂರಿನ ನಿನ್ನ ಗೆಳೆಯ ಈಗಲೂ ಅಲ್ಲೇ ಇದ್ದಾನೇನು?" ಎಂದು ಕೇಳಿದೆ.

"ಇದ್ದಾನ್ರಿ" ಎಂದ ಮಗ. ಕತ್ತಲೆಯಲ್ಲಿ ಅವನ ಮುಖ ಕಾಣಲಿಲ್ಲ.

ಮರುದಿನ ಮಟಮಾರಿಯ ಪಡಸಾಲೆಯಲ್ಲಿ ಬಿಳಿಯ ಪಂಚೆಯೊಂದನ್ನು ಗೋಡೆಗೆ ಕಟ್ಟಿ, ಬಾಡಿಗೆಗೆ ತಂದ ಪ್ರೊಜೆಕ್ಟರಿನಿಂದ ಚಿತ್ರ ತೋರಿಸಿದೆವು. ಅಕ್ಕನನ್ನು ತೀರ ಮುಂದೆ ಕೂಡಿಸಿದ್ದೆವು. ಅವಳು ಮುಖವನ್ನು ಪಂಚೆಗೆ ತಾಗಿಸುವಷ್ಟು ಹತ್ತಿರ ಹೋಗಿ ನೋಡಿದಳು. ಅವಳಿಗೆ ಸುಕ್ಕು ಕಂಡಿತೋ, ಹಚ್ಚೆ ಕಂಡಿತೋ ನಾನರಿಯೆ. "ಹಿಟ್ಟು ಹಾರಾಕ ಹತ್ತೈತಿ ನೋಡs. ಅವ್ವಗ ಸೆರಗು ಹೊದ್ಕೊ ಅಂತ ಹೇಳ್ರಿ" ಎಂದಳು. ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಅವ್ವ ಮಾತ್ರ ಹಾಡುತ್ತಿದ್ದಳು.

ಜುಲೈ ತಿಂಗಳಲ್ಲಿ ಮಗ ಬೆಂಗಳೂರಿಗೆ ಹೊರಟ. ಪರೀಕ್ಷೆಯ ಫಲಿತಾಂಶ ಬಂದಾಗ ಬರಲಿ ಎಂದುಕೊಂಡೆವು. ರಾಯಚೂರು ನಿಲ್ದಾಣದಲ್ಲಿ ಗಾಡಿ ಹತ್ತಿಸಿ ಮನೆಗೆ ಬಂದೆ. ಸ್ವಲ್ಪ ಹೊತ್ತಿಗೆ ಫೋನು ಬಂತು.

"ಅಪ್ಪಾ, ಗಾಡಿ ನಿಂತೈತ್ರಿ. ನಮ್ಮೂರು ಸನೇದಾಗ. ಕಿಡಕ್ಯಾಗಿಂದ ಮಟಮಾರಿ ಸ್ಟೇಷನ್ ದೀಪ ಕಾಣತಾವ."

"ಯಾಕಂತೆ?"

"ಸಿಗ್ನಲ್ ಬಿದ್ದಿಲ್ಲಂತ್ರಿ."

ಬೇರೊಂದು ದಿನವಾಗಿದ್ದರೆ ರೈಲಿನವರಿಗೆ ನಾಲ್ಕು ಮಾತು ಅನ್ನುತ್ತಿದ್ದೆ. ಅಂದು, "ಇರಲಿ. ಮುಂದೆ ಯಾವುದೋ ಗಾಡಿ ಇರಬೇಕು. ಕಾಯಲಿ" ಎಂದೆ.